ಮಾವನವರ ನಾಲ್ಕು ನಡೆ, ನನ್ನ ಒಂದು ಅಪ್‌ಗ್ರೇಡ್

ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ ಅನ್ನು ಯಾವಾಗ ಬದಲಾಯಿಸಬೇಕು ಎಂಬ ವಿಷಯದಲ್ಲಿ ನನ್ನನ್ನು ಮೀರಿಸುವವರು ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೆ ನನಗೆ ಗೊತ್ತಾಗುತ್ತಿತ್ತು, ಏಕೆಂದರೆ ನಾನಿರುವುದು ಜನನ ಮರಣ ನೋಂದಣಿ ಕಚೇರಿಯಲ್ಲಿ! ಅಲ್ಲಿ ಯಾರ ಕಂಪ್ಯೂಟರ್ ಮುನಿಸಿಕೊಂಡರೂ ಮೊದಲ ಕೂಗು ನನಗೇ. ನಾನು ಹೋಗಿ, ಆಫ್ ಮಾಡಿ, ಆನ್ ಮಾಡಿ, ಗಂಭೀರವಾಗಿ ವಾಪಸು ಬರುತ್ತೇನೆ. ಆಫೀಸಿನಲ್ಲಿ ನನ್ನನ್ನು 'ಡಾಕ್ಟ್ರು' ಎಂದೇ ಕರೆಯುತ್ತಾರೆ.

ನನ್ನ ಸಿದ್ಧಾಂತ ಬಹಳ ಸರಳ. ಹೊಸ ಸಿಸ್ಟಮ್ ಬಂದ ತಕ್ಷಣ ಕೈ ಹಾಕಬಾರದು. ಆ ಕಾಲ ಆತುರಗಾರರಿಗೆ ಮೀಸಲು. ಅವರು ಹಳ್ಳಕ್ಕೆ ಬೀಳಲಿ, ಕಂಪನಿಯವರು ಬಂದು ಹಳ್ಳ ಮುಚ್ಚಲಿ, ಆಮೇಲೆ ನಾವು ಚಪ್ಪಲಿಗೆ ಧೂಳೂ ತಾಗದಂತೆ ನಡೆದುಹೋಗಬೇಕು. ಹಾಗಂತ ಕೊನೆಯ ದಿನದವರೆಗೂ ಕಾಯಬಾರದು, ಅದು ಸೋಮಾರಿಗಳ ಲಕ್ಷಣ. ಇವೆರಡರ ನಡುವೆ ಒಂದು ಅಮೃತಘಳಿಗೆ ಇರುತ್ತದೆ. ಅದನ್ನು ಹಿಡಿಯುವ ಕಲೆ ನನಗೆ ಹುಟ್ಟಿನಿಂದಲೇ ಬಂದದ್ದು.

ಮನೆಯ ಕಂಪ್ಯೂಟರಿನ ಮೂಲೆಯಲ್ಲಿ ಒಂದು ಹಳದಿ ಪಟ್ಟಿ ಕಾಣಿಸಿಕೊಂಡಿತು: 'ಈ ಸಿಸ್ಟಮ್‌ಗೆ ನಮ್ಮ ಬೆಂಬಲ ಇನ್ನು ಮೂವತ್ತು ದಿನ ಮಾತ್ರ.' ನಾನು ತೊಡೆ ತಟ್ಟಿದೆ. "ಬರೋ ಶನಿವಾರ ಅಪ್‌ಗ್ರೇಡ್!" ಎಂದು ಊಟದ ಮೇಜಿನಲ್ಲಿ ಘೋಷಿಸಿದೆ.

ನನ್ನ ಹೆಂಡತಿ ಆಸ್ಪತ್ರೆಯಲ್ಲಿ ಹೆಡ್ ನರ್ಸ್. ಮನೆಯಲ್ಲೂ ಅದೇ ಹುದ್ದೆ. ಅವಳು ತಟ್ಟೆಯಿಂದ ಕಣ್ಣೆತ್ತದೆ ಕೇಳಿದಳು, "ಅಪ್ಪನ ಆಟ?"

ಇಲ್ಲಿ ನನ್ನ ಮಾವನವರ ವಿಷಯ ಹೇಳಬೇಕು. ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿ, ಅಂಗಡಿ ಮುಚ್ಚಿ, ಮೂರು ವರ್ಷದ ಹಿಂದೆ ನಮ್ಮ ಮನೆಗೆ ಬಂದವರು. ಒಳ್ಳೆಯವರು, ಮಾತು ಕಮ್ಮಿ. ನನಗೂ ಅವರಿಗೂ ದಿನಕ್ಕೆ ಎರಡು ಮಾತು. "ಊಟ ಆಯ್ತಾ ಅಳಿಯಂದ್ರೇ?" "ಆಯ್ತು ಮಾವ." ಅಲ್ಲಿಗೆ ಆ ದಿನದ ಸಂಬಂಧ ಸಂಪನ್ನ! ಉಳಿದ ಹೊತ್ತೆಲ್ಲ ಅವರು ನಮ್ಮ ಕಂಪ್ಯೂಟರಿನಲ್ಲಿ ಚದುರಂಗ ಆಡುತ್ತಿದ್ದರು. ಯಾವುದೋ ಕಾಲದ ಸಿ.ಡಿ.ಯಿಂದ ಹಾಕಿದ ಹಳೆಯ ಆಟ. ಎದುರಾಳಿ ಕಂಪ್ಯೂಟರೇ. ಮೂರು ವರ್ಷದಲ್ಲಿ ಮಾವ ಅದರ ಕೈಯಲ್ಲಿ ಆರುನೂರ ಹನ್ನೊಂದು ಸಲ ಸೋತಿದ್ದರು. ಪ್ರತಿ ಸೋಲನ್ನೂ ಪುಟ್ಟ ನೋಟುಪುಸ್ತಕದಲ್ಲಿ ಪೆನ್ಸಿಲ್‌ನಿಂದ ಬರೆದಿಟ್ಟಿದ್ದರು. ಆರುನೂರ ಹನ್ನೆರಡನೆಯ ಆಟದಲ್ಲಿ ಮೊಟ್ಟಮೊದಲ ಬಾರಿಗೆ ಅವರ ಕೈ ಮೇಲಾಗಿತ್ತು. ಅವರ ಬಳಿ ಮಂತ್ರಿ, ಎರಡು ಆನೆ. ಯಂತ್ರದ ಬಳಿ ಮಂತ್ರಿ, ಒಂದೇ ಆನೆ, ಒಂದು ಬಡಪಾಯಿ ಕುದುರೆ. ಇಬ್ಬರಿಗೂ ಒಂದಿಷ್ಟು ಕಾಲಾಳು.

"ಇನ್ನು ನಾಲ್ಕೇ ನಡೆ," ಎಂದರು ಮಾವ. ಅವರ ಕಣ್ಣು ಹೊಳೆಯುತ್ತಿತ್ತು.

"ಕೇಳಿಸ್ತಲ್ಲ? ಆ ನಾಲ್ಕು ನಡೆ ಮುಗಿಯೋವರೆಗೂ ಅದನ್ನ ಮುಟ್ಟಬೇಡಿ," ಎಂದಳು ಹೆಂಡತಿ.

"ನಾಲ್ಕು ನಡೆ ಅಂದ್ರೆ ನಿಮ್ಮಪ್ಪನಿಗೆ ನಾಲ್ಕು ವಾರ ಕಣೇ!" ಎಂದು ಆಮೇಲೆ ಅಡುಗೆಮನೆಯಲ್ಲಿ ಪಿಸುಗುಟ್ಟಿದೆ.

"ಆಗ್ಲಿ. ಮೂರು ವರ್ಷದಿಂದ ಕಾದಿದ್ದಾರೆ. ಮುಟ್ಟಲ್ಲ ಅಂತ ಮಾತು ಕೊಡಿ."

ಕೊಟ್ಟೆ. ಆದರೆ ಶನಿವಾರ ಬೆಳಗ್ಗೆ ಅಪ್ಪ ಮಗಳು ಇಬ್ಬರೂ ಕಣ್ಣಿನ ಡಾಕ್ಟರ ಹತ್ತಿರ ಹೋದರು. ಮನೆಯಲ್ಲಿ ನಾನು, ಕಂಪ್ಯೂಟರು, ಅಮೃತಘಳಿಗೆ! ಮೂರು ಗಂಟೆ ಸಮಯವಿದೆ. ಆಟವನ್ನು ಜೋಪಾನವಾಗಿ ಎತ್ತಿಟ್ಟು, ಹೊಸ ಸಿಸ್ಟಮ್ ಹಾಕಿ, ಆಟವನ್ನು ಇದ್ದ ಜಾಗಕ್ಕೇ ಇಟ್ಟುಬಿಟ್ಟರೆ ಯಾರಿಗೆ ತಿಳಿಯುತ್ತದೆ? ತಿಳಿದರೂ ಹೊಗಳುತ್ತಾರೆ ಅಷ್ಟೇ!

ಪೆನ್‌ಡ್ರೈವಿಗೆ ಫೋಟೊಗಳನ್ನು ಎತ್ತಿಟ್ಟೆ. ಹೆಂಡತಿಯ ಡ್ಯೂಟಿ ಪಟ್ಟಿಗಳನ್ನು ಎತ್ತಿಟ್ಟೆ. ಚದುರಂಗ ತೆರೆಯಲು ಒತ್ತುವ, ಪರದೆಯ ಮೇಲಿದ್ದ ಕುದುರೆ ತಲೆಯ ಚಿತ್ರವನ್ನು ಎರಡೆರಡು ಸಲ ಎತ್ತಿಟ್ಟೆ, ಮಾವನವರ ಸ್ವತ್ತಲ್ಲವೇ! ಆಮೇಲೆ ಡಿಸ್ಕನ್ನು ಪೂರ್ತಿ ಒರೆಸಿ ಹೊಸ ಸಿಸ್ಟಮ್ ಹಾಕಿದೆ. ಪರದೆ ಫಳಫಳ ಹೊಳೆಯಿತು. ನಾನೂ ಹೊಳೆದೆ. ಕುದುರೆ ತಲೆಯನ್ನು ಮೊದಲಿನ ಜಾಗಕ್ಕೇ ತಂದಿಟ್ಟು ಒತ್ತಿದೆ.

'ಈ ಶಾರ್ಟ್‌ಕಟ್ ತೋರಿಸುತ್ತಿರುವ ಆಟ ಎಲ್ಲಿಯೂ ಇಲ್ಲ.'

ಮತ್ತೆ ಒತ್ತಿದೆ. ಇಲ್ಲ. ಇನ್ನೊಂದು ಪ್ರತಿ ಒತ್ತಿದೆ. ಅದೂ ಇಲ್ಲ. ಆಫೀಸಿನ ಡಾಕ್ಟ್ರಿಗೆ ಆಗ ಅರ್ಥವಾಯಿತು. ಮನೆಗೆ ದಾರಿ ತೋರಿಸುವ ಬೋರ್ಡನ್ನು ಕಿತ್ತು ಭದ್ರವಾಗಿ ಎತ್ತಿಟ್ಟು, ಮನೆಯನ್ನೇ ಕೆಡವಿಬಿಟ್ಟಿದ್ದೆ! ಸಿ.ಡಿ. ಹುಡುಕಲು ಓಡಿದೆ. ಸಿ.ಡಿ. ಸಿಕ್ಕಿತು. ಪಾರಿವಾಳ ಓಡಿಸಲೆಂದು ಹೋದ ವರ್ಷ ನಾನೇ ಬಾಲ್ಕನಿಯಲ್ಲಿ ದಾರ ಕಟ್ಟಿ ನೇತುಹಾಕಿದ್ದೆ. ಬಿಸಿಲಿಗೆ ಸುಲಿದು, ಗೀರುಬಿದ್ದು, ಅದರ ಮೇಲೆ ಪಾರಿವಾಳಗಳು ತಮ್ಮ ಅಭಿಪ್ರಾಯವನ್ನೂ ದಾಖಲಿಸಿದ್ದವು.

ಮಾವನವರ ನೋಟುಪುಸ್ತಕ ತೆರೆದೆ. ಪುಣ್ಯಕ್ಕೆ ಹಿಂದಿನ ದಿನದ ಆಟದ ಸ್ಥಿತಿಯನ್ನು ಅವರು ಚಿತ್ರ ಬರೆದಿಟ್ಟಿದ್ದರು. ಇಂಟರ್ನೆಟ್ಟಿನಲ್ಲಿ ಹೊಸ ಚದುರಂಗವೊಂದನ್ನು ಹಿಡಿದು, ಕಾಯಿಗಳನ್ನು ಹಾಗೆಯೇ ಜೋಡಿಸಿ, ಮಾವನ ಪರವಾಗಿ ನಾನು ಆಡಿನೋಡಿದೆ. ಹೊಸ ಯಂತ್ರ ಐದೇ ನಿಮಿಷದಲ್ಲಿ ನನ್ನನ್ನು ಮಕಾಡೆ ಮಲಗಿಸಿತು! ಇಂಥ ರಾಕ್ಷಸನ ಮುಂದೆ ಆ ವಯಸ್ಸಾದ ಜೀವವನ್ನು ಕೂರಿಸುವುದೇ? ಮೂರು ವರ್ಷ ಕಾದು ಗಳಿಸಿದ ಗೆಲುವನ್ನು ನನ್ನ ಕೈಯಾರೆ ಕಸಿದಂತಾಗುವುದಿಲ್ಲವೇ?

ಗೇಟಿನ ಸದ್ದಾಗುವ ಹೊತ್ತಿಗೆ ದಾರಿ ಹೊಳೆದಿತ್ತು. ಆ ಹೊಸ ಆಟದಲ್ಲಿ ಇಬ್ಬರು ಮನುಷ್ಯರು ಬೇರೆ ಬೇರೆ ಕಡೆ ಕೂತು ಆಡಬಹುದು. ಒಂದು ಕಡೆ ಕಂಪ್ಯೂಟರಿನ ಮುಂದೆ ಮಾವ. ಇನ್ನೊಂದು ಕಡೆ ಮೊಬೈಲ್ ಹಿಡಿದು ನಾನು! ನನ್ನ ಹೆಸರಿನ ಜಾಗದಲ್ಲಿ 'ಕಂಪ್ಯೂಟರ್' ಎಂದು ಬರೆದೆ. ಇನ್ನು ನಾನು ಮಾಡಬೇಕಾದ್ದು ನಾಲ್ಕು ನಡೆಯಲ್ಲಿ ಸೋಲುವುದು. ಸೋಲುವುದರಲ್ಲಿ ನನ್ನ ಅನುಭವ ಹನ್ನೆರಡು ವರ್ಷದ್ದು, ಮದುವೆಯಾದಂದಿನಿಂದ.

"ಮಾತು ಕೊಟ್ಟಿದ್ರಿ!" ಎಂದು ಹೆಂಡತಿ ಹೊಸ ಪರದೆ ನೋಡಿ ಕಣ್ಣು ಬಿಟ್ಟಳು.

"ಆಟ ಹಾಗೇ ಇದೆ, ನೋಡು! ಒಂದು ಕಾಯಿ ಕದಲಿಲ್ಲ. ಹೊಸ ಸಿಸ್ಟಮ್ ಅಲ್ವಾ ಮಾವ, ಸ್ವಲ್ಪ ನಿಧಾನವಾಗಿ ಯೋಚನೆ ಮಾಡುತ್ತೆ ಅಷ್ಟೇ."

ಮಾವ ಕನ್ನಡಕ ಏರಿಸಿ ಪರದೆ ನೋಡಿದರು, ನನ್ನನ್ನೂ ನೋಡಿದರು. "ಹೂಂ," ಎಂದರು.

ಭಾನುವಾರ ಬೆಳಗ್ಗೆ ಮಾವ ಆನೆ ನಡೆಸಿದರು. ನಾನು ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು, ಕುದುರೆಯನ್ನು ನೇರವಾಗಿ ಅವರ ಆನೆಯ ಬಾಯಿಗೇ ಇಟ್ಟೆ. ತಿನ್ನಿ ಮಾವ, ತಿನ್ನಿ! ಅವರು ತಿನ್ನಲಿಲ್ಲ. ಅರ್ಧ ದಿನ ಗಲ್ಲಕ್ಕೆ ಕೈಕೊಟ್ಟು ಕೂತು, ಆನೆಯನ್ನು ಹಿಂದಕ್ಕೆ ಎಳೆದುಕೊಂಡರು.

ಮರುದಿನ ಕುದುರೆಯನ್ನು ಮತ್ತೆ ಅವರ ಮುಂದೆ ತಳ್ಳಲು ಹೋದೆ. ಅದು ನನ್ನದೇ ಕಾಯಿಗಳ ನಡುವೆ ಸಿಕ್ಕಿಕೊಂಡಿತು. ಹೆಂಡತಿ ಬಚ್ಚಲ ಬಾಗಿಲು ಬಡಿದಳು.

"ರೀ, ಅರ್ಧ ಗಂಟೆ ಆಯ್ತು ಒಳಗೆ ಹೋಗಿ! ಹೊಟ್ಟೆ ಸರಿ ಇಲ್ವಾ?"

"ಹೊಟ್ಟೆ ಸರಿ ಇದೆ!"

"ಮತ್ತೇನು?"

"ಕುದುರೆ ಸಿಕ್ಕಿಹಾಕ್ಕೊಂಡಿದೆ!"

ಹೆಡ್ ನರ್ಸ್ ಮುಂದೆ ಇಂಥ ಉತ್ತರ ಕೊಟ್ಟು ತಪ್ಪಿಸಿಕೊಂಡವರಿಲ್ಲ. ಎರಡೇ ನಿಮಿಷದಲ್ಲಿ ಶಾರ್ಟ್‌ಕಟ್, ಸಿ.ಡಿ., ಪಾರಿವಾಳ ಎಲ್ಲ ಹೊರಬಂತು. ಅವಳು ಹಣೆ ಚಚ್ಚಿಕೊಂಡಳು. "ಬೇಗ ಸೋತು ಮುಗಿಸಿ. ಇಲ್ಲಾಂದ್ರೆ ನಾನೇ ಅಪ್ಪನಿಗೆ ಹೇಳ್ತೀನಿ," ಎಂದಳು.

ಸೋಲುವುದು ಇಷ್ಟು ಕಷ್ಟ ಎಂದು ಯಾರಿಗೆ ಗೊತ್ತಿತ್ತು? ನಾನು ಒಂದು ಪೆದ್ದು ನಡೆ ಇಟ್ಟರೆ ಮಾವ ಅದರ ಹಿಂದೆ ಮಹಾ ಸಂಚು ಹುಡುಕಿ ಹಿಂದೆ ಸರಿಯುತ್ತಿದ್ದರು. ಇನ್ನೂ ಪೆದ್ದು ನಡೆ ಇಟ್ಟರೆ ಇನ್ನೂ ದೂರ ಸರಿಯುತ್ತಿದ್ದರು. ಕೊನೆಗೆ ನಾನು ರೋಸಿಹೋಗಿ ಮಂತ್ರಿಯನ್ನೇ ಒಯ್ದು ಅವರ ಕಾಲಾಳಿನ ಬಾಯಿಗೆ ಇಟ್ಟುಬಂದೆ.

ಆ ಸಂಜೆ ಊಟದ ಮೇಜಿನಲ್ಲಿ ಮಾವ ತಲೆದೂಗಿದರು. "ಹೊಸ ಸಿಸ್ಟಮ್ಮು ಭಾರೀ ಕಿಲಾಡಿ ಅಳಿಯಂದ್ರೇ. ಮಂತ್ರೀನೇ ತಂದು ನನ್ನ ಬಾಯಿಗೆ ಇಟ್ಟಿದೆ. ಯಾರಾದ್ರೂ ಹಾಗೆ ಇಡ್ತಾರಾ? ಶುದ್ಧ ಮೂರ್ಖ ಇಡ್ಬೇಕು. ಮಷಿನ್ನು ಮೂರ್ಖ ಅಲ್ವಲ್ಲ!"

"ಅಲ್ಲ ಮಾವ," ಎಂದೆ ನಾನು, ತಟ್ಟೆ ನೋಡುತ್ತಾ. ಹೆಂಡತಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು.

ಆಫೀಸಿನಲ್ಲೂ ನೆಮ್ಮದಿಯಿಲ್ಲ. ಕೌಂಟರಿನಲ್ಲಿ ಜನ ಸಾಲುಗಟ್ಟಿರುವಾಗಲೇ ಮೊಬೈಲು ಗುಂಯ್ ಎನ್ನುತ್ತಿತ್ತು, ಮಾವ ನಡೆದಿದ್ದಾರೆ! ಒಂದು ದಿನ ಹೊಸದಾಗಿ ತಂದೆಯಾದವರೊಬ್ಬರು ಪ್ರಮಾಣಪತ್ರ ಹಿಡಿದು ವಾಪಸು ಬಂದರು. ಮಗುವಿನ ಹೆಸರಿನ ಜಾಗದಲ್ಲಿ ನಾನು 'ಕುದುರೆ' ಎಂದು ಟೈಪ್ ಮಾಡಿ, ಮೊಹರು ಒತ್ತಿ, ಸಹಿಯನ್ನೂ ಹಾಕಿ ಕೊಟ್ಟಿದ್ದೆ.

"ಡಾಕ್ಟ್ರೇ, ಏನ್ರೀ ಇದು?" ಎಂದು ಸೂಪರಿಂಟೆಂಡೆಂಟ್ ಕೇಳಿದರು.

"ಅಪ್‌ಗ್ರೇಡ್ ಸಮಸ್ಯೆ ಸಾರ್," ಎಂದೆ. ಸುಳ್ಳೇನಲ್ಲವಲ್ಲ!

ಎರಡನೆಯ ವಾರ ಮಾವ ಊಟ ಕಮ್ಮಿ ಮಾಡಿದರು. ಅರ್ಧ ತಟ್ಟೆಯಲ್ಲೇ ಎದ್ದುಬಿಡುತ್ತಿದ್ದರು. ಇಡೀ ದಿನ ಆ ಪರದೆಯ ಮುಂದೆ ಕುಳಿತು ಯೋಚನೆ, ಯೋಚನೆ. ಗೆಲ್ಲಬೇಕಿದ್ದ ಮನುಷ್ಯ ನನ್ನ ದಡ್ಡತನಕ್ಕೆ ಹೆದರಿ ಮೂಲೆ ಸೇರಿದ್ದರು. ನಾಲ್ಕು ನಡೆ ಹೋಗಿ ಹದಿನೆಂಟಾಗಿತ್ತು.

"ಅಪ್ಪ ಸೊರಗಿದ್ದಾರೆ ರೀ," ಎಂದಳು ಹೆಂಡತಿ. ಈ ಸಲ ಅವಳ ದನಿಯಲ್ಲಿ ಹೆಡ್ ನರ್ಸ್ ಇರಲಿಲ್ಲ. "ಹೇಳಿಬಿಡಿ. ಬೈದ್ರೆ ಬೈಯಲಿ."

ನನಗೂ ಸಾಕಾಗಿತ್ತು. ಆಟ ಶುರುವಾದ ಹದಿನೈದನೆಯ ದಿನ, ಭಾನುವಾರ ಬೆಳಗ್ಗೆ, ಮೊಬೈಲನ್ನು ಮಾವನ ಮುಂದೆ ಇಟ್ಟು ಕೈಕಟ್ಟಿ ನಿಂತೆ. "ಮಾವ, ತಪ್ಪಾಯ್ತು. ನಿಮ್ಮ ಹಳೇ ಆಟ ಹೋಯ್ತು. ನಾನೇ ಅಳಿಸಿಬಿಟ್ಟೆ. ಹದಿನೈದು ದಿನದಿಂದ ನಿಮ್ಮ ಎದುರಿಗೆ ಆಡ್ತಿರೋದು ಮಷಿನ್ನಲ್ಲ, ನಾನು."

ಮಾವ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಗೊತ್ತು," ಎಂದರು.

"ಯಾವಾಗಿಂದ?"

"ಮೊದಲನೇ ದಿನದಿಂದ." ನೋಟುಪುಸ್ತಕ ತೆರೆದು ಓದತೊಡಗಿದರು. "ಹಳೇ ಮಷಿನ್ನು ಯಾವತ್ತೂ ಎರಡೇ ಸೆಕೆಂಡು. ಹೊಸದು ಬೆಳಗ್ಗೆ ಏಳೂವರೆಗೆ ಹನ್ನೊಂದು ನಿಮಿಷ, ಬಚ್ಚಲಿಂದ. ಒಂಬತ್ತೂಕಾಲಿಗೆ ಇಪ್ಪತ್ತೈದು ನಿಮಿಷ, ಬಸ್ಸಲ್ಲಿ ಸೀಟು ಸಿಗಲಿಲ್ಲ ಅನ್ಸುತ್ತೆ. ಭಾನುವಾರ ಮಧ್ಯಾಹ್ನ ಎರಡರಿಂದ ನಾಲ್ಕು ಪೂರ್ತಿ ಬಂದ್, ರೂಮಿಂದ ಗೊರಕೆ. ಅಳಿಯಂದ್ರೇ, ನಲವತ್ತು ವರ್ಷ ಗಡಿಯಾರದ ಜೊತೆ ಬದುಕಿದವನು ನಾನು."

"ಮತ್ತೆ ಊಟ ಬಿಟ್ಟಿದ್ದು?"

"ಹಲ್ಲು ನೋವು."

"ಗೊತ್ತಿದ್ದೂ ಯಾಕೆ ಗೆಲ್ಲಲಿಲ್ಲ ಮಾವ? ಕುದುರೆ ಕೊಟ್ಟೆ, ಮಂತ್ರೀನೇ ಕೊಟ್ಟೆ!"

"ಗೆಲ್ಲದೆ ಇರೋಕೆ ನಾನು ಪಟ್ಟ ಪಾಡು ನಿಮಗೇನು ಗೊತ್ತು!" ಎಂದು ಮಾವ ಮೊದಲ ಬಾರಿ ದನಿ ಏರಿಸಿದರು. "ನೀವು ಆಡೋ ಆಟಕ್ಕೆ ಎಲ್ಲಿ ಕಾಯಿ ಇಟ್ರೂ ಚೆಕ್‌ಮೇಟ್ ಆಗಿಬಿಡುತ್ತೆ. ಅದನ್ನ ತಪ್ಪಿಸೋಕೇ ಅರ್ಧರ್ಧ ದಿನ ಯೋಚನೆ ಮಾಡ್ತಿದ್ದೆ."

ಆಮೇಲೆ ದನಿ ಇಳಿಯಿತು. "ಗೆದ್ರೆ ಆಟ ಮುಗೀತಿತ್ತು. ನೀವು ಮತ್ತೆ ನಿಮ್ಮ ಪಾಡಿಗೆ ಹೋಗ್ತಿದ್ರಿ. ಮೂರು ವರ್ಷದಲ್ಲಿ ನೀವು ನನ್ನ ಜೊತೆ ಇಷ್ಟು ಹೊತ್ತು ಕಳೆದಿದ್ದು ಇದೇ ಮೊದಲು, ಕದ್ದುಮುಚ್ಚಿ ಆದ್ರೂ."

ಒಂದೇ ಸೂರಿನಡಿ ಮೂರು ವರ್ಷ, ದಿನಕ್ಕೆ ಎರಡು ಮಾತು. ನಾಚಿಕೆಯಾಯಿತು. "ಆ ಹಳೇ ಮಷಿನ್ನನ್ನ ಸೋಲಿಸಬೇಕು ಅಂತ ಎಷ್ಟು ಆಸೆ ಇತ್ತು ನಿಮಗೆ..." ಎಂದು ತೊದಲಿದೆ.

"ಇತ್ತು. ಇಲ್ಲ ಅನ್ನಲ್ಲ. ನನ್ನನ್ನ ಆರುನೂರ ಹನ್ನೊಂದು ಸಲ ಸೋಲಿಸಿ, ಒಂದೇ ಒಂದು ಸಲಾನೂ ಸೋಲದೆ ಜಾಗ ಖಾಲಿ ಮಾಡಿತು. ನೀವೇ ಕಾಪಾಡಿಬಿಟ್ರಿ ಅದನ್ನ!"

ಹೀಗೆಂದು ಮಾವ ಒಂದು ಆನೆಯನ್ನು ತಣ್ಣಗೆ ಎರಡು ಮನೆ ಮುಂದಕ್ಕೆ ಸರಿಸಿದರು. ನನ್ನ ಮೊಬೈಲು ಗುಂಯ್ ಎಂದಿತು. ಚೆಕ್‌ಮೇಟ್. ಯೋಚಿಸಲು ಅವರು ತೆಗೆದುಕೊಂಡದ್ದು ಎರಡೇ ಸೆಕೆಂಡು!

"ಇನ್ನೊಂದು ಆಟ ಹಾಕಿ," ಎಂದರು. "ಬಚ್ಚಲಿಗೆ ಹೋಗ್ಬೇಡಿ, ಕುರ್ಚಿ ತಂದು ಇಲ್ಲೇ ಎದುರಿಗೆ ಕೂತ್ಕೊಳ್ಳಿ. ಆ ಮಷಿನ್ನಿಗೆ ಮುಖಾನೇ ಇರಲಿಲ್ಲ. ಸೋತವರ ಮುಖ ನೋಡದಿದ್ರೆ ಗೆದ್ದು ಏನು ಸುಖ?"

ನಾನು ಕುರ್ಚಿ ಎಳೆದು ಕೂತೆ. ಮಾವ ನನ್ನ ಮುಖವನ್ನೇ ಮನಸಾರೆ ನೋಡತೊಡಗಿದರು. ಮೂರು ಲೋಟ ಕಾಫಿ ಹಿಡಿದು ಬಂದ ಹೆಂಡತಿ, ನಮ್ಮಿಬ್ಬರನ್ನೂ ಒಮ್ಮೆ ನೋಡಿ ಹೇಳಿದಳು:

"ಅದರಲ್ಲಿ ನೋಡೋಕೇನಿದೆ ಅಪ್ಪಾ? ಹನ್ನೆರಡು ವರ್ಷದಿಂದ ನಾನು ದಿನಾ ನೋಡ್ತಾ ಇಲ್ವಾ?"