‘ಈಕೆ ಯಾರು?’ ಪತ್ರಿಕೆಯ ವಾರ್ಷಿಕೋತ್ಸವ

ನಮ್ಮ ಸೋದರಮಾವನ ಕಣ್ಣಿಗೆ ಬೀಳಬೇಕಾದರೆ ಹೆಂಗಸು ಸತ್ತು ಕಡೇಪಕ್ಷ ನೂರು ವರ್ಷವಾದರೂ ಆಗಿರಬೇಕು. ಇನ್ನೂರಾಗಿದ್ದರೆ ಮಾವ ಎದ್ದು ನಿಂತು ಕೈ ಮುಗಿಯುತ್ತಾರೆ. ಬದುಕಿರುವ ಹೆಂಗಸರ ವಿಷಯದಲ್ಲಿ ಮಾತ್ರ ಅವರಿಗೆ ಸ್ವಲ್ಪ ಅವಸರ. ಕಾಫಿ ಬಂತಾ, ಸಕ್ಕರೆ ಸರಿಯಿದೆಯಾ ಎಂದು ನೋಡಿ ಮತ್ತೆ ಹಳೇ ಕಾಲಕ್ಕೆ ಹೊರಟುಬಿಡುತ್ತಾರೆ.

ಇದನ್ನು ದೂರು ಎಂದುಕೊಳ್ಳಬೇಡಿ. ಅವರು ಒಳ್ಳೆಯವರೇ. ಹೂಟಗಳ್ಳಿಯ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ನಟ್ಟು ಬೋಲ್ಟು ಕಾಯ್ದು ನಿವೃತ್ತರಾದವರು. ಕಳೆದುಹೋದದ್ದನ್ನು ಹುಡುಕುವ ಚಟ ಅಲ್ಲಿಂದಲೇ ಅಂಟಿದ್ದಿರಬೇಕು. ನಿವೃತ್ತಿಯ ಹೊಸತರಲ್ಲಿ ಒಮ್ಮೆ ನೆಂಟರ ಊರಿಗೆ ಬೀಗರೂಟಕ್ಕೆ ಹೋಗಿದ್ದಾಗ ಕೆರೆಯ ಏರಿಯ ಮೇಲೆ ಒಂದು ಶಾಸನದ ಕಲ್ಲು ಕಂಡಿತು. ಓದಬಲ್ಲವರೊಬ್ಬರು ಓದಿ ಹೇಳಿದರು. ಇಂಥವನ ಮೊಮ್ಮಗನೂ ಇಂಥವನ ಮಗನೂ ಆದ ಇಂಥವನ ಹೆಂಡತಿ ಈ ಕೆರೆ ಕಟ್ಟಿಸಿದಳು ಎಂದಿತ್ತಂತೆ. ಮೂರು ತಲೆಮಾರಿನ ಗಂಡಸರ ಹೆಸರಿತ್ತು, ಕೆರೆ ಕಟ್ಟಿಸಿದವಳ ಹೆಸರೇ ಇರಲಿಲ್ಲ. ಮಾವ ಅವತ್ತು ಊಟ ಮಾಡದೆ ಮೈಸೂರಿಗೆ ವಾಪಸು ಬಂದರು. ಮಟನ್ ಊಟ ಬಿಟ್ಟು ಬಂದಿದ್ದಾರೆಂದ ಮೇಲೆ ವಿಷಯ ಗಂಭೀರವಾದದ್ದೇ ಎಂದು ನಾವೆಲ್ಲ ಒಪ್ಪಿಕೊಂಡೆವು.

‘ಈಕೆ ಯಾರು?’ ಎಂಬ ಮಾಸಪತ್ರಿಕೆ ಹುಟ್ಟಿದ್ದು ಹೀಗೆ. ಪತ್ರಿಕೆ ಎಂದರೆ ಎರಡೂ ಕಡೆ ಅಚ್ಚಾದ ಒಂದು ದೊಡ್ಡ ಹಾಳೆ, ಮಡಚಿದರೆ ನಾಲ್ಕು ಪುಟ. ತಿಂಗಳಿಗೊಬ್ಬ ಮರೆತುಹೋದ ಹೆಂಗಸು. ಕೋಟೆ ಕಾದವಳು, ಬಾವಿ ತೋಡಿಸಿದವಳು, ಓಲೆಗರಿ ನಕಲು ಮಾಡಿದವಳು, ಹೀಗೆ. ಮಾವನ ನಿಯಮ ಒಂದೇ: ಮೊದಲ ಸಾಲಿನಲ್ಲಿ ಆಕೆಗೆ ತವರಿನವರು ಇಟ್ಟ ಹೆಸರು ಬರಲೇಬೇಕು. "ಹೆಸ್ರೇ ಸಿಗ್ನಿಲ್ಲ ಅಂದ್ರೆ ನಾನು ಪೆನ್ನೇ ಮುಟ್ಟಲ್ಲ ಕಣಮ್ಮ" ಎಂದು ನನಗೆ ಹೇಳುತ್ತಿದ್ದರು.

ಈ ಪತ್ರಿಕೆಯಲ್ಲಿ ಮಾವನ ಹೆಂಡತಿ, ಅಂದರೆ ನಮ್ಮತ್ತೆಯ ಪಾತ್ರವೇನು? ಏನೂ ಇಲ್ಲ. ಅಚ್ಚಾಗಿ ಬಂದ ಹಾಳೆಗಳನ್ನು ಮಡಚುವುದು, ವಿಳಾಸದ ಚೀಟಿ ಅಂಟಿಸುವುದು, ಸೊಪ್ಪಿನ ಚೀಲದಲ್ಲಿ ತುಂಬಿಕೊಂಡು ತಮ್ಮ ಕುಂಬಾರಕೊಪ್ಪಲಿನ ಮನೆಮನೆಗೆ ಹಂಚುವುದು, ಆಮೇಲೆ ಬಸ್ಸು ಹತ್ತಿ ಹಿನಕಲ್‌ಗೆ ಬಂದು ನಮ್ಮ ಕಡೆಯ ಬೀದಿಗಳಿಗೂ ಕೊಡುವುದು, ಇಷ್ಟೇ. ಮಿಕ್ಕ ಭಾರವೆಲ್ಲ ಸಂಪಾದಕ ಮಂಡಳಿಯದು. ಸಂಪಾದಕ ಮಂಡಳಿ ಎಂದರೆ ಮಾವನ ಜೊತೆಗೇ ನಿವೃತ್ತರಾದ ಮೂವರು ಗೆಳೆಯರು. ಅವರು ಕಾಫಿ ಕುಡಿಯುತ್ತಿದ್ದರು.

ಒಂದು ಸಲ ಅತ್ತೆ ಸೊಪ್ಪು ಬಿಡಿಸುತ್ತಾ ಪಕ್ಕದಲ್ಲಿದ್ದ ಕರಡಿನ ಮೇಲೆ ಕಣ್ಣಾಡಿಸಿ, "ಅಲ್ಲಾ ಕಣ್ರೀ, ಈ ರಾಣಿ ಹುಟ್ಟೋಕ್ ಮುಂಚೇನೇ ಯುದ್ಧದಲ್ಲಿ ಸತ್ತೋಗವ್ಳಲ್ಲ" ಎಂದರು.

"ಇತಿಹಾಸದಲ್ಲಿ ಅಂಥವೆಲ್ಲ ಇರ್ತವೆ, ನಿಂಗೆ ಅರ್ಥಾಗಲ್ಲ ಬುಡು" ಎಂದರು ಮಾವ.

ಮಾರನೆಯ ದಿನ ರಾಣಿ ಸದ್ದಿಲ್ಲದೆ ಮೊದಲು ಹುಟ್ಟಿ ಆಮೇಲೆ ಸತ್ತಳು. ಆ ಸಂಚಿಕೆಯ ಕೊನೆಯಲ್ಲಿ ‘ಸಂಪಾದಕ ಮಂಡಳಿಯ ಸೂಕ್ಷ್ಮದೃಷ್ಟಿಗೆ ಋಣಿ’ ಎಂದು ಅಚ್ಚಾಗಿತ್ತು. ಅತ್ತೆಯೇ ಅದನ್ನು ಮಡಚಿ ಮನೆಮನೆಗೆ ಕೊಟ್ಟುಬಂದರು.

ಇನ್ನೊಂದು ತಿಂಗಳು, ಒಂದು ದೊಡ್ಡ ಸೈನ್ಯಕ್ಕೆ ಅಡುಗೆ ಮಾಡಿ ಹಾಕುತ್ತಿದ್ದ ಹೆಂಗಸಿನ ಕತೆ. ‘ಎಲ್ಲರ ಹೊಟ್ಟೆ ತುಂಬಿಸಿದ ಈ ತಾಯಿಯನ್ನು ನೀನು ಉಂಡೆಯಾ ಎಂದು ಒಬ್ಬನಾದರೂ ಕೇಳಿದನೇ?’ ಎಂದು ಮಾವ ಓದುತ್ತಿದ್ದರೆ ಮಂಡಳಿಯವರ ಕಣ್ಣಲ್ಲಿ ನೀರು. ಮಾವ ತಾವೂ ಕಣ್ಣೊರೆಸಿಕೊಳ್ಳುತ್ತಲೇ ಅಡುಗೆಮನೆಯ ಕಡೆ ತಿರುಗಿ, "ಏ ಇವ್ಳೆ, ಇನ್ನೊಂದ್ ರೌಂಡ್ ಕಾಫಿ ಮಡಗು" ಎಂದರು. ಮಧ್ಯಾಹ್ನ ಮೂರು ದಾಟಿತ್ತು. ಒಳಗೆ ಅತ್ತೆ ಅದೇ ತಾನೇ ತಟ್ಟೆಗೆ ಮುದ್ದೆ ಹಾಕಿಕೊಂಡಿದ್ದವರು ಎದ್ದು ಹಾಲಿಟ್ಟರು. ನಾನು ಬಾಯಿ ತೆರೆಯುವುದರೊಳಗೆ, "ಸುಮ್ನಿರು ಕಣೇ, ಪಾಪ, ಅಳ್ತಾವ್ರೆ" ಎಂದರು.

‘ಏ ಇವ್ಳೆ’ ಎಂದೆನಲ್ಲ, ಮಾವ ಅತ್ತೆಯನ್ನು ಕರೆಯುವುದೇ ಹಾಗೆ. ಬೀದಿಗೆಲ್ಲ ಅವರು ಭಾಗ್ಯಮ್ಮ. ಮಾವನಿಗೆ ಮಾತ್ರ ‘ಏ ಇವ್ಳೆ’, ತೀರ ಪ್ರೀತಿ ಬಂದರೆ ‘ನೋಡೇ ಇಲ್ಲಿ’. ಹೆಂಡತಿಯ ಹೆಸರು ಅವರ ಬಾಯಿಂದ ಹೊರಟದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

ಇತ್ತ ಊರ ಹೆಂಗಸರ ಹೆಸರಿನ ಬಗ್ಗೆ ಅವರ ಕಾಳಜಿ ನೋಡಬೇಕು! ಮದುವೆಯ ಕರೆಯೋಲೆಗಳಲ್ಲಿ ‘ಶ್ರೀಮತಿ ಮತ್ತು ಶ್ರೀ’ ಎಂದು ಹಾಕಿ ಗಂಡನ ಹೆಸರೊಂದನ್ನೇ ಬರೆದಿರುತ್ತಾರಲ್ಲ, ಅದನ್ನು ಕಂಡರೆ ಮಾವನಿಗೆ ಮೈಯೆಲ್ಲ ಉರಿ. ಒಂದು ಆರತಕ್ಷತೆಯಲ್ಲಿ ಮುಯ್ಯಿಯ ಕವರು ಕೈಯಲ್ಲಿ ಹಿಡಿದುಕೊಂಡೇ ಹುಡುಗಿಯ ತಂದೆಯನ್ನು ತಡೆದು ನಿಲ್ಲಿಸಿದರು.

"ನಿಮ್ಮ ಇನ್ವಿಟೇಷನ್ನಲ್ಲಿ ಶ್ರೀಮತಿ ಅಂತ ಹಾಕಿದೀರಲ್ಲ, ಯಾರವ್ರು?"

"ನಮ್ಮನೆಯವ್ರು ಸಾರ್" ಎಂದ ಆತ, ಬೆವರು ಒರೆಸಿಕೊಳ್ಳುತ್ತಾ.

"ಅದು ಹೆಸ್ರಲ್ಲ. ಹೆಸ್ರೇನು ಹೇಳಿ."

ಹಿಂದೆ ಸಾಲು ಬೆಳೆಯುತ್ತಿತ್ತು. ಆ ಮನುಷ್ಯ ಹೆಂಡತಿಯ ಹೆಸರನ್ನು ತಪ್ಪೊಪ್ಪಿಗೆಯ ದನಿಯಲ್ಲಿ ಹೇಳಿ, ಮಾತು ಬದಲಿಸಲು ಮಾವನ ಪಕ್ಕದಲ್ಲಿದ್ದ ಅತ್ತೆಯ ಕಡೆ ನೋಡಿ ನಮಸ್ಕರಿಸಿದ. "ಇವ್ರು?"

"ಇವ್ಳಾ? ನಮ್ಮನೆಯವ್ಳು" ಎಂದರು ಮಾವ.

ಅತ್ತೆ ನಕ್ಕರು. ನಾನು ನಗಲಿಲ್ಲ.

ಹೀಗೆ ಪತ್ರಿಕೆಗೆ ಒಂದು ವರ್ಷ ತುಂಬಿತು. ವರ್ಷ ತುಂಬಿದ ಮೇಲೆ ವಾರ್ಷಿಕೋತ್ಸವ ಬೇಡವೇ? ಕುಂಬಾರಕೊಪ್ಪಲಿನ ಒಂದು ಪುಟ್ಟ ಸಭಾಂಗಣ ಗೊತ್ತಾಯಿತು. ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿ, ಸಂಪಾದಕರು, ಪೋಷಕರು, ಎಲ್ಲರ ತಲೆಗೂ ಒಂದೊಂದು ಮೈಸೂರು ಪೇಟ ಬಂತು. ಐದೂ ಗಂಡು ತಲೆಗಳೇ.

"ಮರೆತುಹೋದ ಹೆಂಗಸರ ಸಭೆ. ಸ್ಟೇಜ್ ಮೇಲೆ ಒಬ್ಬ ಹೆಂಗಸಾದ್ರೂ ಬೇಡ್ವ ಮಾವ?" ಎಂದೆ.

ಮಾವ ನೊಂದುಕೊಂಡರು. "ಅದೇನಮ್ಮ ಹಂಗಂತೀಯ, ಪ್ರಾರ್ಥನೆ ಹೆಂಗಸ್ರದೇ ಅಲ್ವ?"

ಅತ್ತೆಗೆ ಸ್ಟೇಜೂ ಬೇಕಿರಲಿಲ್ಲ, ಪೇಟವೂ ಬೇಕಿರಲಿಲ್ಲ. ಒಂದು ವಾರ ಮೊದಲೇ ಹಸಿರು ರೇಷ್ಮೆ ಸೀರೆ ಇಸ್ತ್ರಿ ಮಾಡಿಸಿಟ್ಟುಕೊಂಡು ನನ್ನ ಹತ್ತಿರ ಮೆಲ್ಲಗೆ ಹೇಳಿಕೊಂಡರು. "ಮುಂದ್ಗಡೆ ಸಾಲಲ್ಲಿ ನಂಗೊಂದು ಚೇರ್ ಇಡ್ಕೊ ಕಣಮ್ಮ. ವರ್ಷ ಪೂರ್ತಿ ಮಡಚಿ ಮಡಚಿ ಕೊಟ್ಟಿದೀನಿ. ನಿಮ್ಮಾವ ಅದೇನ್ ಭಾಷಣ ಮಾಡ್ತಾರೋ, ಕೂತ್ಕೊಂಡು ಪೂರ್ತಿ ಒಂದ್ ಸಲ ಕೇಳ್ಬೇಕು."

ಇಷ್ಟೇ ಆಸೆ. ಒಂದು ಪ್ಲಾಸ್ಟಿಕ್ ಕುರ್ಚಿ. ಅದನ್ನು ಕೊಡಿಸಿಯೇ ಸಿದ್ಧ ಎಂದು ನಾನು ಅವತ್ತು ಹಟ ತೊಟ್ಟೆ.

ಆದರೆ ಸಭೆಯ ಹಿಂದಿನ ದಿನ ಮಾವ ಕೇಟರಿಂಗಿನವನನ್ನು ಬೇಡವೆಂದರು. "ಇವ್ಳ ಉಪ್ಪಿಟ್ಟಿನ ಮುಂದೆ ಅವನದೇನು?" ಎಂದು ಹೊಗಳಿದರು. ಹೊಗಳಿಕೆಯೆಂಬುದು ಇಷ್ಟು ಕೆಟ್ಟದ್ದೆಂದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಸಭೆಯ ದಿನ ಅತ್ತೆ ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಸಭಾಂಗಣದ ಹಿಂದಿನ ಅಡುಗೆಕೋಣೆಯಲ್ಲಿ ರವೆ ಹುರಿಯುತ್ತಿದ್ದರು. ಮುಂದಿನ ಸಾಲಿನಲ್ಲಿ ನನ್ನ ವ್ಯಾನಿಟಿ ಬ್ಯಾಗ್ ಇಟ್ಟು ಕಾಯ್ದಿರಿಸಿದ್ದ ಕುರ್ಚಿಯಲ್ಲಿ ಮುಖ್ಯ ಅತಿಥಿಯ ಭಾವಮೈದ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಏಳಿ ಎಂದರೆ, "ಪರ್ವಾಗಿಲ್ಲ ಮೇಡಮ್, ನಾನ್ ನೋಡ್ಕೊತೀನಿ" ಎಂದ.

"ವೇದಿಕೆಯ ಮೇಲಿರುವ ಗಣ್ಯರೇ" ಎಂದು ಮಾವ ಶುರುಮಾಡಿದರು. ಗಣ್ಯರನ್ನು ಒಬ್ಬೊಬ್ಬರನ್ನಾಗಿ ಕರೆದು ಮುಗಿಸುವ ಹೊತ್ತಿಗೆ ಹಿಂದಿನಿಂದ ಒಗ್ಗರಣೆಯ ವಾಸನೆ ಬಂತು. ಮುಖ್ಯ ಅತಿಥಿಗಳು ಹೆಣ್ಣಿನ ತ್ಯಾಗವನ್ನು ಕುರಿತು ಆರಂಭಿಸಿ ತಮ್ಮ ಕಾಲೇಜು ದಿನಗಳ ಕಬಡ್ಡಿಯಲ್ಲಿ ಮುಗಿಸಿದರು. ಇನ್ನೇನು ವಂದನಾರ್ಪಣೆ ಆಗಬೇಕು, ಆಗ ನಡುವಿನ ಸಾಲಿನಿಂದ ನಮ್ಮ ಹಿನಕಲ್‌ನ ಒಬ್ಬ ಮುದುಕಿ ಎದ್ದು ನಿಂತರು.

"ಸ್ವಾಮಿ, ನಾವೆಲ್ಲ ಬಂದಿರೋದು ಪೇಪರ್ ತಂದ್ಕೊಡೋ ಅಮ್ಮನ್ನ ನೋಡಾಕೆ. ನಂಗೆ ಓದಾಕ್ ಬರಾಕಿಲ್ಲ. ಆಯಮ್ಮ ಬಾಗ್ಲಲ್ಲಿ ಕುಂತ್ಕಂಡು ಪೂರಾ ಓದೇಳಿ ಓಯ್ತಾರೆ. ಎಲ್ಲೂ ಕಾಣ್ಲಿಲ್ವಲ್ಲ. ಆಯಮ್ಮನ ಎಸ್ರೇನು?"

ಅಲ್ಲಲ್ಲಿ ಕೂತಿದ್ದ ಹೆಂಗಸರು ಹೌದು ಹೌದು ಎಂದರು. ಮಾವ ಮೈಕಿನ ಮುಂದೆ ಬಂದರು. ಬಂದವರು ಮೈಕಿನ ಕತ್ತನ್ನು ಒಮ್ಮೆ ಮೇಲೆತ್ತಿದರು, ಒಮ್ಮೆ ಬಗ್ಗಿಸಿದರು. ಸಂಪಾದಕರಿಗೆ ಮರೆತಿರಬೇಕೆಂದು ಮಂಡಳಿಯ ಗೆಳೆಯರೊಬ್ಬರು ಪಕ್ಕದಿಂದ, "ಭಾಗ್ಯಮ್ಮ, ಭಾಗ್ಯಮ್ಮ" ಎಂದು ಹೇಳಿಕೊಟ್ಟರು. ನನಗೆ ನಾಚಿಕೆಯಿಂದ ನೆಲ ನೋಡುವಂತಾಯಿತು.

"ಅಲ್ಲ" ಎಂದರು ಮಾವ. "ಅದು ಅವಳ ಹೆಸ್ರಲ್ಲ."

ಮಾವ ಮತ್ತೆ ಸಭೆಯ ಕಡೆ ತಿರುಗಿದರು.

"ನಮ್ ಮನೆಗಳಲ್ಲಿ ಆಗ ಜಾತಕ ಇರ್ಲಿಲ್ಲ. ಹೆಸರುಬಲ ನೋಡೋರು. ಅವಳ ಹೆಸ್ರು ನನ್ ಹೆಸ್ರಿಗೆ ಕೂಡಿ ಬರ್ಲಿಲ್ಲ ಅಂತ ಧಾರೆ ದಿವ್ಸ ನಮ್ಮವ್ವ ಭಾಗ್ಯಲಕ್ಷ್ಮಿ ಅಂತ ಬದ್ಲಾಯಿಸ್ಬುಟ್ರು. ಹಳೇ ಹೆಸ್ರು ಇನ್ಮೇಲೆ ಯಾರೂ ಎತ್ತಂಗಿಲ್ಲ ಅಂದ್ರು. ನೋಡೋಕ್ ಹೋದ ದಿವ್ಸ ನಮ್ಮಪ್ಪ ಕೇಳ್ದಾಗ ಬಾಗ್ಲ ಹಿಂದ್ಗಡೆ ನಿಂತ್ಕಂಡು ಅವಳೇ ಹೇಳಿದ್ಲು. ನಾನು ಕೇಳಿದ್ದು ಅದೊಂದೇ ಸಲ." ಮಾವ ತಲೆಯ ಮೇಲಿನ ಪೇಟ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಹಳೇ ಹೆಸ್ರು ಕರೆಯೋಕೆ ಅವ್ವನ ಭಯ. ಹೊಸ ಹೆಸ್ರು ನನ್ ಬಾಯಿಗೆ ಬರ್ಲೇ ಇಲ್ಲ, ಯಾರನ್ನೋ ಕರ್ದಂಗಾಗೋದು. ಅದ್ಕೇ ಎರಡೂ ಬುಟ್ಬುಟ್ಟೆ. ಅವ್ವ ಹೋದ್ಮೇಲಾದ್ರೂ ಕರೀಬೋದಿತ್ತು. ಕರೀಲಿಲ್ಲ. ಕೆಂಪಾಜಮ್ಮ. ಕೆಂಪಾಜಮ್ಮ ಅಂತ ಅವಳ ಹೆಸ್ರು."

ನಾನು ಅಡುಗೆಕೋಣೆಯ ಕಡೆ ಓಡಿದೆ. ಅತ್ತೆ ಸೌಟು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು. ತಮ್ಮನ್ನು ಯಾರೋ ಬಹಳ ದೂರದಿಂದ ಕರೆದರೇನೋ ಎನ್ನುವ ಹಾಗೆ ನೋಡುತ್ತಿದ್ದರು. "ಇವ್ರಿಗೆ ನೆನಪೈತಾ?" ಎಂದು ನನ್ನನ್ನು ಕೇಳಿದರು. ಅವರ ಕಣ್ಣು ತುಂಬಿತ್ತು, ನನ್ನದೂ ತುಂಬಿತು. ವರ್ಷವಿಡೀ ಆ ಮನುಷ್ಯನ ಮೇಲೆ ನಾನು ಇಟ್ಟುಕೊಂಡಿದ್ದ ಕೋಪ ಪೂರ್ತಿ ಹೋಯಿತೆಂದಲ್ಲ, ಮುಕ್ಕಾಲು ಹೋಯಿತು.

ಸೌಟನ್ನು ನಾನು ತೆಗೆದುಕೊಂಡೆ. ಅತ್ತೆ ಸಿಕ್ಕಿಸಿದ್ದ ಸೆರಗು ಬಿಡಿಸಿ ಹೊದ್ದುಕೊಂಡು ಮುಂದಿನ ಸಾಲಿಗೆ ನಡೆದರು. ಮುಖ್ಯ ಅತಿಥಿಯ ಭಾವಮೈದ ಈ ಸಲ ಹೇಳಿಸಿಕೊಳ್ಳದೆ ಎದ್ದ. ಅತ್ತೆ ಕೂತರು. ಕಾಲು ಚಾಚಿ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಮಾವನ ಮುಖ ನೋಡಿದರು.

"ಹೂಂ, ಈಗ ಮೊದ್ಲಿಂದ ಹೇಳಿ. ಒಳಗೆ ನಂಗೇನೂ ಕೇಳಿಸ್ನಿಲ್ಲ."

ಉಪ್ಪಿಟ್ಟು ಆರುತ್ತಿತ್ತು, ಆದರೂ ಒಬ್ಬರೂ ಏಳಲಿಲ್ಲ. ಮಾವ ಭಾಷಣವನ್ನು ಮತ್ತೆ ಮೊದಲಿನಿಂದ ಶುರುಮಾಡಿದರು. ವೇದಿಕೆಯ ಮೇಲಿದ್ದ ಗಣ್ಯರನ್ನು ಈ ಸಲ ಯಾರೂ ಕರೆಯಲಿಲ್ಲ. "ಕೆಂಪಾಜಮ್ಮನವರೇ" ಎಂದು ಶುರುವಾಯಿತು.