ಕೇತಮ್ಮನ ಹೆಬ್ಬೆಟ್ಟು

ಬಹಳ ಹಿಂದಿನ ಮಾತು. ಎಷ್ಟು ಹಿಂದೆ ಎಂದು ಓದುಗರು ಕೇಳಬಾರದು. ಆ ಕಾಲದ ಕಡತಗಳೆಲ್ಲ ಪಾಸ್‌ವರ್ಡ್ ಮರೆತುಹೋಗಿ ಒಳಗೇ ಉಳಿದುಬಿಟ್ಟಿವೆ. ತಥಾಸ್ತುಪುರ ಎಂಬುದೊಂದು ರಾಜ್ಯವಿತ್ತು. ಅದನ್ನು ಸಂಪರ್ಕವರ್ಧನ ಮಹಾರಾಜರು ಆಳುತ್ತಿದ್ದರು. ಮಹಾರಾಜರು ಏನೇ ಅಪ್ಪಣೆ ಕೊಡಿಸಲಿ, ಆಸ್ಥಾನದಲ್ಲಿದ್ದವರೆಲ್ಲ ಒಂದೇ ಉಸಿರಿಗೆ ‘ತಥಾಸ್ತು’ ಎನ್ನತಕ್ಕದ್ದು ಎಂಬುದು ಅಲ್ಲಿಯ ಸಂವಿಧಾನ. ಸಂವಿಧಾನದಲ್ಲಿ ಇದ್ದದ್ದು ಆ ಒಂದೇ ವಾಕ್ಯ. ಅದಕ್ಕೂ ಮೂರು ತಿದ್ದುಪಡಿಗಳಾಗಿದ್ದವು.

ಒಂದು ದಿನ ಆರೋಗ್ಯಾಮಾತ್ಯ ಸುವಾಕ್ಯಸೇನನು ಸಿಂಹಾಸನದ ಮುಂದೆ ಸೊಂಟ ಬಗ್ಗಿಸಿ ನಿಂತು, “ಪ್ರಭು, ಬಡಪ್ರಜೆಗಳಲ್ಲಿ ಕಾಯಿಲೆ ಹೆಚ್ಚಾಗಿದೆ” ಎಂದು ಅರಿಕೆ ಮಾಡಿಕೊಂಡನು.

“ಕಾರಣ?”

“ಕಾರಣ ಕಾಯಿಲೆಯಲ್ಲ ಪ್ರಭು. ಮಾಹಿತಿಯ ಕೊರತೆ. ತಮಗೆ ಏನಾಗಿದೆ ಎಂಬುದನ್ನು ಆನ್‌ಲೈನಿನಲ್ಲಿ ಓದಿಕೊಳ್ಳಲು ಬಾರದೆ ಅವರು ನೇರವಾಗಿ ನರಳುವುದಕ್ಕೆ ಶುರುಮಾಡಿಬಿಡುತ್ತಾರೆ.”

“ಓದಿಕೊಂಡು ನರಳಿದರೆ?”

“ಅದು ಅರಿವಿನ ನರಳಾಟ. ಸೂಚ್ಯಂಕದಲ್ಲಿ ನಾವು ಏಳು ಸ್ಥಾನ ಮೇಲಕ್ಕೆ ಹೋಗುತ್ತೇವೆ.”

ಮಹಾರಾಜರಿಗೆ ಕಣ್ಣು ತುಂಬಿ ಬಂತು. ಬಡವರಿಗಾಗಿ ಅವರು ಕಣ್ಣು ತುಂಬಿಸಿಕೊಂಡದ್ದನ್ನು ಆಸ್ಥಾನದ ಛಾಯಾಗ್ರಾಹಕನು ನಾಲ್ಕು ಕೋನಗಳಿಂದ ದಾಖಲಿಸಿದ ಮೇಲೆ ರಾಜಾಜ್ಞೆ ಹೊರಟಿತು: ಮಹಾರಾಜರ ಮುಂಬರುವ ಹುಟ್ಟುಹಬ್ಬದೊಳಗಾಗಿ ರಾಜ್ಯದ ಸಕಲ ಬಡವರೂ ಡಿಜಿಟಲ್ ಆರೋಗ್ಯ ಸಾಕ್ಷರರಾಗತಕ್ಕದ್ದು. ‘ಅಂಗೈ ಅಮೃತ’ ಎಂಬ ಆ್ಯಪಿನಲ್ಲಿ ಎಲ್ಲರೂ ನೋಂದಾಯಿಸಿಕೊಳ್ಳತಕ್ಕದ್ದು. ಔಷಧಾಲಯ ಕಣ್ಣಿಗೆ ಕಾಣುತ್ತಿದ್ದರೆ ಜನ ಓದುವುದನ್ನು ಬಿಟ್ಟು ಅಲ್ಲಿಗೇ ಓಡುವ ಅಪಾಯ ಇರುವುದರಿಂದ, ಔಷಧಾಲಯಗಳನ್ನು ಹಂತಹಂತವಾಗಿ ಸಾಕ್ಷರತಾ ಕೇಂದ್ರಗಳನ್ನಾಗಿ ಮೇಲ್ದರ್ಜೆಗೇರಿಸತಕ್ಕದ್ದು.

“ತಥಾಸ್ತು” ಎಂದಿತು ಆಸ್ಥಾನ.

ಅರಮನೆಯಿಂದ ಬಹುದೂರದಲ್ಲಿ ಬಿದಿರುಕೇರಿ ಎಂಬ ಬೀದಿ. ಅಲ್ಲಿ ಬುಟ್ಟಿ, ಮೊರ, ಮಂಕರಿ ಹೆಣೆದು ಬದುಕುವ ಮೂವತ್ತು ಮನೆಗಳು. ಅದರಲ್ಲೊಂದು ಕೇತಮ್ಮನದು. ವಯಸ್ಸು ನಲವತ್ತರ ಮೇಲೆ; ಕೈ ಬಹಳ ಚುರುಕು, ಬಾಯಿ ಅದಕ್ಕಿಂತ ಚುರುಕು. ಸೋಮವಾರ ಬೆಳಿಗ್ಗೆ ಬಿದಿರು ಸೀಳುವಾಗ ಒಂದು ಸಿಬಿರು ಅವಳ ಬಲಗೈ ಹೆಬ್ಬೆಟ್ಟಿನೊಳಕ್ಕೆ ಉಗುರಿನ ಪಕ್ಕದಿಂದ ಇಳಿದು, ಒಳಗೇ ಮುರಿಯಿತು. ಪಕ್ಕದ ಮನೆಯವಳು ಸೂಜಿ ತಂದು ಕೆದಕಿದಳು. ಸಿಬಿರು ಇನ್ನೂ ಕೆಳಕ್ಕೆ ಹೋಯಿತು.

ಬುಧವಾರದ ಹೊತ್ತಿಗೆ ಬೆರಳು ಬದನೆಕಾಯಿಯಂತೆ ಊದಿ, ನೆಟ್ಟಗೆ ಆಕಾಶ ನೋಡುತ್ತ ನಿಂತುಬಿಟ್ಟಿತು. ಬಗ್ಗಿಸಲು ಬಾರದು, ಕತ್ತಿ ಹಿಡಿಯಲು ಬಾರದು. ಕೇತಮ್ಮನಿಗೆ ಭಯ ಹತ್ತಿತು. ಅವಳ ಮಾವನ ಬೆರಳು ಹೀಗೇ ಕೀವು ಕಟ್ಟಿ, ಕಪ್ಪಾಗಿ, ಕೊನೆಗೆ ಇಲ್ಲವಾಗಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಆಮೇಲೆ ಮಾವ ಒಂದು ಬುಟ್ಟಿಯನ್ನೂ ಹೆಣೆಯಲಿಲ್ಲ. ಜಗುಲಿಯ ಮೇಲೆ ಕೂತು ಬೇರೆಯವರು ಹೆಣೆದ ಬುಟ್ಟಿಗೆ ತಪ್ಪು ಹುಡುಕುತ್ತ ಕಾಲ ಕಳೆದ.

ಅರಿಶಿನ ಮೆತ್ತಿ ಬಟ್ಟೆ ಸುತ್ತಿಕೊಂಡು ಅವಳು ಕೇರಿಯ ಔಷಧಾಲಯಕ್ಕೆ ನಡೆದಳು. ಅಲ್ಲಿ ಕಾಂಪೌಂಡರ್ ಪುಟ್ಟರಂಗಯ್ಯ ಇಪ್ಪತ್ತು ವರ್ಷದಿಂದ ಕೂತಿದ್ದ. ಅವನ ಬಳಿ ಇದ್ದದ್ದು ಕೆಂಪು ಔಷಧಿ, ಬಿಳಿ ಔಷಧಿ, ಟಿಂಚರ್, ಒಂದು ಚಿಮಟ. ಬಿದಿರುಕೇರಿಯ ಸಾವಿರಾರು ಸಿಬಿರುಗಳನ್ನು ಅವನು ಅದೇ ಚಿಮಟದಲ್ಲಿ ಕಿತ್ತಿದ್ದ.

ಆದರೆ ಬಾಗಿಲ ಮೇಲೆ ‘ಸಾಕ್ಷರತಾ ಕೇಂದ್ರ’ ಎಂಬ ಹೊಸ ಬೋರ್ಡು ಬಂದಿತ್ತು. ಪುಟ್ಟರಂಗಯ್ಯನ ಎದೆಯ ಮೇಲೆ ‘ಅರಿವು ಪ್ರೇರಕ’ ಎಂಬ ಬಿಲ್ಲೆ ಇತ್ತು. ಮೇಜಿನ ಮೇಲೆ ರಿಬ್ಬನ್ ಕಟ್ಟಿದ ಒಂದು ಯಂತ್ರವಿತ್ತು. ಗೋಡೆಯ ಮೂಲೆಯಿಂದ ಕ್ಯಾಮೆರಾವೊಂದು ಅವನನ್ನೇ ನೋಡುತ್ತಿತ್ತು.

“ರಂಗಣ್ಣ, ಇದನ್ನೊಸಿ ತಗ್ದುಬುಡಪ್ಪ. ಜೀವ ಹೋಯ್ತೈತೆ” ಎಂದು ಕೇತಮ್ಮ ಬೆರಳು ಚಾಚಿದಳು.

ಪುಟ್ಟರಂಗಯ್ಯ ಒಮ್ಮೆ ಬೆರಳನ್ನು ನೋಡಿದ, ಒಮ್ಮೆ ಕ್ಯಾಮೆರಾವನ್ನು ನೋಡಿದ. “ಚಿಮಟ ಇಲ್ಲ ಕಣಕ್ಕ. ಹಳೇ ಕಾಲದ ಉಪಕರಣ ಅಂತ ಅರಮನೆಯೋರು ತಗಂಡೋದ್ರು.”

“ಟಿಂಚರ್ರು?”

“ಅದೂ ಹೋಯ್ತು. ಈಗ ನಾನು ಔಷಧಿ ಕೊಡಂಗಿಲ್ಲ. ಅರಿವು ಕೊಡ್ಬೇಕು.”

“ಅರಿವು ಊತ ಇಳಿಸ್ತೈತಾ?”

“ಇಳಿಸಲ್ಲ. ಆದ್ರೆ ಯಾಕೆ ಊದ್ಕಂಡೈತೆ ಅಂತ ಹೇಳ್ತೈತೆ.”

“ಸಿಬಿರು ಚುಚ್ಚಿ ಊದ್ಕಂಡೈತೆ ಅಂತ ನನಗೇ ಗೊತ್ತಲ್ಲೋ ಮಾರಾಯ!”

ಪುಟ್ಟರಂಗಯ್ಯ ದನಿ ತಗ್ಗಿಸಿದ. “ನೋಡಕ್ಕ, ನೀನು ಯಂತ್ರದಾಗೆ ನೋಂದಣಿ ಆಗ್ಬುಟ್ರೆ ಪ್ಯಾಟೆ ದೊಡ್ಡಾಸ್ಪತ್ರೆಗೆ ಚೀಟಿ ಬರ್ತೈತೆ. ಅಲ್ಲಿ ಇನ್ನೂ ಚಿಮಟ ಐತಂತೆ. ಏನಿಲ್ಲ, ಬಲಗೈ ಹೆಬ್ಬೆಟ್ಟು ಒತ್ತು.”

ಕೇತಮ್ಮ ಬಟ್ಟೆ ಬಿಚ್ಚಿ, ಹಲ್ಲು ಕಚ್ಚಿ, ಹೆಬ್ಬೆಟ್ಟನ್ನು ಗಾಜಿನ ಮೇಲೆ ಒತ್ತಿದಳು. ಅವಳ ಕಣ್ಣಿಂದ ನೀರು ಉದುರಿತು. ಯಂತ್ರವು ಅರಮನೆಯ ಗ್ರಾಂಥಿಕ ಕನ್ನಡದಲ್ಲಿ ನುಡಿಯಿತು: “ತಮ್ಮ ಅಂಗುಷ್ಠವು ಅಸ್ಪಷ್ಟವಾಗಿರುತ್ತದೆ. ದಯಮಾಡಿ ಅಂಗುಷ್ಠವನ್ನು ಗುಣಪಡಿಸಿಕೊಂಡು, ಅನಂತರ ಚಿಕಿತ್ಸೆಗೆ ನೋಂದಾಯಿಸಿಕೊಳ್ಳಿರಿ.”

“ಏನಂತೈತೆ?”

“ವಾಸಿ ಮಾಡ್ಕಂಡು ಬಾ, ಆಮೇಲೆ ವಾಸಿ ಮಾಡ್ತೀನಿ ಅಂತೈತೆ.”

ಎಡಗೈ ಒತ್ತಿ ನೋಡಿದರು. ‘ತಾವು ಬೇರೊಬ್ಬರಾಗಿರುತ್ತೀರಿ’ ಎಂದಿತು. ಮತ್ತೆ ಬಲಗೈ. ಈಗ ಯಂತ್ರಕ್ಕೆ ಅನುಮಾನ ಬಂದು, ಕೇತಮ್ಮ ಯಂತ್ರವಲ್ಲವೆಂದು ಸಾಬೀತು ಮಾಡಲು ಒಂಬತ್ತು ಚಿತ್ರಗಳನ್ನು ತೋರಿಸಿ, ರಥಗಳಿರುವ ಚಿತ್ರಗಳನ್ನು ಮುಟ್ಟಲು ಹೇಳಿತು. ಕೇತಮ್ಮ ಎತ್ತಿನ ಗಾಡಿಯನ್ನೂ ಮುಟ್ಟಿದಳು. ಅದಕ್ಕೆ ಅವಳನ್ನು ಯಂತ್ರವೆಂದು ತೀರ್ಮಾನಿಸಿ ಇಪ್ಪತ್ತನಾಲ್ಕು ಗಂಟೆ ನಿಷೇಧಿಸಲಾಯಿತು.

ಇಷ್ಟಾದರೂ ಸಾಕ್ಷರತೆ ನಿಲ್ಲುವಂತಿರಲಿಲ್ಲ. ಗುರುವಾರ ಕೇರಿಯವರಿಗೆಲ್ಲ ತರಗತಿ. ನಿಜವಾದ ಮೊಬೈಲುಗಳು ಖರೀದಿ ಸಮಿತಿಯ ಮುಂದಿದ್ದುದರಿಂದ, ಸದ್ಯಕ್ಕೆ ಪ್ರತಿ ಮನೆಗೂ ಅದೇ ಅಳತೆಯ ಒಂದೊಂದು ಮರದ ಹಲಗೆ ಕೊಟ್ಟಿದ್ದರು. ಹಲಗೆಯ ಮೇಲೆ ಆ್ಯಪಿನ ಚಿತ್ರಗಳನ್ನು ಬಣ್ಣದಲ್ಲಿ ಬರೆದಿದ್ದರು. ಮೂವತ್ತು ಮನೆಯವರೂ ಸಾಲಾಗಿ ಕೂತು, ಪುಟ್ಟರಂಗಯ್ಯ ‘ಮೇಲಕ್ಕೆ ಸವರಿ’ ಎಂದಾಗ ಮೇಲಕ್ಕೂ, ‘ಪಕ್ಕಕ್ಕೆ ಸವರಿ’ ಎಂದಾಗ ಪಕ್ಕಕ್ಕೂ ಹಲಗೆ ಸವರಿದರು.

“ಏನೂ ಬರ್ತಿಲ್ಲವಲ್ಲಪ್ಪ” ಎಂದಳು ಒಬ್ಬ ಮುದುಕಿ.

“ನೆಟ್‌ವರ್ಕ್ ಇಲ್ಲ ಅಂತ ತಿಳ್ಕಳಜ್ಜಿ” ಎಂದ ಪುಟ್ಟರಂಗಯ್ಯ. ಇಪ್ಪತ್ತು ವರ್ಷ ರೋಗಿಗಳಿಗೆ ಸುಳ್ಳು ಹೇಳದೆ ಬದುಕಿದ್ದವನು ಅಂದು ಆ ಮಾತು ಹೇಳಿ ತಲೆ ತಗ್ಗಿಸಿದ.

ಕೇತಮ್ಮ ಎಡಗೈಯಲ್ಲಿ ಸವರುತ್ತ ಬಲಗೈಯನ್ನು ಎತ್ತಿ ಹಿಡಿದಿದ್ದಳು. ಇಳಿಸಿದರೆ ಬೆರಳು ಪಟಪಟ ಹೊಡೆದುಕೊಳ್ಳುತ್ತಿತ್ತು. ಶುಕ್ರವಾರ ನೋವು ಮೊಣಕೈಗೆ ಏರಿತು. ಶನಿವಾರ ಚಳಿ ಬಂತು. ಹೊಸ್ತಿಲ ಮೇಲೆ ಕೂತು, ಅರ್ಧ ಹೆಣೆದ ಮಂಕರಿಯನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿ, ಅವಳು ಮೊದಲ ಸಲ ಜೋರಾಗಿ ಅತ್ತಳು.

ಭಾನುವಾರ ಮಹಾರಾಜರ ಹುಟ್ಟುಹಬ್ಬ. ಬಿದಿರುಕೇರಿಯನ್ನು ‘ಸಂಪೂರ್ಣ ಡಿಜಿಟಲ್ ಆರೋಗ್ಯ ಸಾಕ್ಷರ ಕೇರಿ’ ಎಂದು ಘೋಷಿಸಲು ಅವರೇ ಚಿತ್ತೈಸಿದರು. ಕೇರಿಯವರೆಲ್ಲ ಹಲಗೆ ಹಿಡಿದು ಸಾಲುಗಟ್ಟಿದ್ದರು. ಮೊದಲ ಸಾಲಿನಲ್ಲಿ ಜ್ವರದ ಕೇತಮ್ಮನನ್ನು ಪುಟ್ಟರಂಗಯ್ಯ ರಟ್ಟೆ ಹಿಡಿದು ನಿಲ್ಲಿಸಿದ್ದ. ಅವನ ಲೆಕ್ಕವೇ ಬೇರೆ: ಮಹಾರಾಜರ ಜೊತೆ ಅವರ ಸ್ವಂತ ವೈದ್ಯರು ಬಂದಿರುತ್ತಾರೆ, ಬೆರಳು ಅವರ ಕಣ್ಣಿಗೆ ಬೀಳಲಿ ಎಂದು.

ಬೆರಳು ಮಹಾರಾಜರ ಕಣ್ಣಿಗೇ ಬಿತ್ತು.

ಅವರು ಪಲ್ಲಕ್ಕಿ ನಿಲ್ಲಿಸಿದರು. “ಅಮಾತ್ಯ, ನೋಡಿದೆಯಾ? ಆ ಹೆಂಗಸು ಹೆಬ್ಬೆರಳೆತ್ತಿ ನಮ್ಮ ಯೋಜನೆಗೆ ಮೆಚ್ಚುಗೆ ಸೂಚಿಸುತ್ತಿದ್ದಾಳೆ!”

“ಆಹಾ, ಎಂಥ ತುಂಬು ಮೆಚ್ಚುಗೆ ಪ್ರಭು! ಹೆಬ್ಬೆರಳೇ ಸಂತೋಷದಿಂದ ಉಬ್ಬಿಹೋಗಿದೆ” ಎಂದನು ಸುವಾಕ್ಯಸೇನ.

“ಉಳಿದವರೇಕೆ ಎತ್ತಿಲ್ಲ?”

ತಕ್ಷಣ ಭಟರು ಓಡಿಬಂದು ಎಲ್ಲರ ಹೆಬ್ಬೆರಳುಗಳನ್ನೂ ಎತ್ತಿಸಿದರು. ಹಲಗೆಗಳು ದಡದಡ ನೆಲಕ್ಕೆ ಬಿದ್ದವು.

“ಸ್ವಾಮಿ, ಮೆಚ್ಚುಗೆ ಅಲ್ಲ, ಸಿಬಿರು” ಎಂದಳು ಕೇತಮ್ಮ.

“ಏನೆನ್ನುತ್ತಾಳೆ?” ಎಂದರು ಮಹಾರಾಜರು.

“ಸಿಗ್ನಲ್ ಚೆನ್ನಾಗಿದೆ ಎನ್ನುತ್ತಾಳೆ ಪ್ರಭು.”

ಮಹಾರಾಜರು ಪಲ್ಲಕ್ಕಿಯಿಂದಿಳಿದು, ‘ಸಾಕ್ಷರ ರತ್ನ’ ಪದಕವನ್ನು ಸ್ವಹಸ್ತದಿಂದ ಕೇತಮ್ಮನಿಗೆ ತೊಡಿಸಲು ಮುಂದಾದರು. ಪದಕಕ್ಕೆ ಗಿಣಿಯ ಕೊಕ್ಕಿನ ಗಾತ್ರದ ಪಿನ್ನಿತ್ತು. ಮಹಾರಾಜರ ಮುಖ ಛಾಯಾಗ್ರಾಹಕನ ಕಡೆಗಿತ್ತು, ಕೈ ಕೇತಮ್ಮನ ಕಡೆಗಿತ್ತು. ಹಾಗಾಗಿ ಪಿನ್ನು ಸೆರಗಿಗೆ ಹೋಗದೆ ನೇರವಾಗಿ ಊದಿದ ಹೆಬ್ಬೆಟ್ಟಿನೊಳಕ್ಕೆ ಹೋಯಿತು.

ಕೇತಮ್ಮ ಕಿರುಚಿದ ಸದ್ದಿಗೆ ಪಟ್ಟದಾನೆ ಎರಡು ಹೆಜ್ಜೆ ಹಿಂದೆ ಸರಿಯಿತಂತೆ. ಆರು ದಿನದ ಕೀವು ಬುಗ್ಗೆಯಾಗಿ ಚಿಮ್ಮಿ ರಾಜಪೋಷಾಕಿನ ಮೇಲೆ ಸೂರ್ಯನಂತೆ ಹರಡಿತು. ಅದರ ಹಿಂದೆಯೇ ಅರ್ಧ ಅಂಗುಲದ ಕಪ್ಪು ಸಿಬಿರು ಜಾರಿ ಈಚೆಗೆ ಬಂತು. ಪುಟ್ಟರಂಗಯ್ಯ ಕ್ಯಾಮೆರಾ ಗೀಮೆರಾ ಎಲ್ಲ ಮರೆತು ಓಡಿಬಂದು, ಬೆರಳನ್ನು ಹಿಂಡಿ, ಬಿಸಿನೀರು ತರಿಸಿ ತೊಳೆದ. ಕೇತಮ್ಮನಿಗೆ ಆರು ದಿನಗಳಲ್ಲಿ ಮೊದಲ ಸಲ ಉಸಿರು ಸಲೀಸಾಗಿ ಆಡಿತು. ಅವಳು ನಿಂತಲ್ಲೇ ಕುಸಿದು ಕೂತು ನಕ್ಕಳು.

ತಲೆ ಹೋಗುತ್ತದೆಯೋ ಬಡ್ತಿ ಸಿಗುತ್ತದೆಯೋ ಎಂದು ತಿಳಿಯದೆ ಸುವಾಕ್ಯಸೇನನು ಕಣ್ಣು ಮುಚ್ಚಿದನು. ಆಮೇಲೆ ಬಾಯಿ ತೆರೆದನು.

“ಗುಣವಾಯಿತು ಪ್ರಭು! ಅಂಗೈ ಅಮೃತದ ಮೊದಲ ಫಲಾನುಭವಿ! ಒಬ್ಬರಲ್ಲಿ ಒಬ್ಬರು ಗುಣ, ಅಂದರೆ ನೂರಕ್ಕೆ ನೂರು!”

“ಅವಳು ನೋಂದಾಯಿಸಿಕೊಂಡಿದ್ದಳೇ?”

“ಪ್ರಯತ್ನಿಸಿದ್ದಳು ಪ್ರಭು. ಪ್ರಯತ್ನಕ್ಕೇ ಇಷ್ಟು ಗುಣವಾದರೆ, ನೋಂದಣಿಯೇ ಆಗಿಬಿಟ್ಟರೆ ಪ್ರಜೆಗಳು ಚಿರಂಜೀವಿಗಳಾದಾರು.”

“ತಥಾಸ್ತು” ಎಂದಿತು ಬೀದಿ ತುಂಬ ನಿಂತಿದ್ದ ಆಸ್ಥಾನ.

ಮುಂದಿನದು ಬೇಗ ಬೇಗ ನಡೆಯಿತು. ಅರಮನೆಯ ಮುಂದೆ ಇಪ್ಪತ್ತು ಅಡಿ ಎತ್ತರದ ಹೆಬ್ಬೆರಳಿನ ಪ್ರತಿಮೆ ಎದ್ದಿತು. ಮಹಾರಾಜರು ತಮ್ಮ ಎರಡನೆಯ ಕಿರೀಟವನ್ನು ಏಣಿ ಹತ್ತಿ ಅದಕ್ಕೆ ತೊಡಿಸಿದರು. ಆಸುಪಾಸಿನ ರಾಜರುಗಳು ಬಂದು ನೋಡಿ, ‘ಹೆಬ್ಬೆಟ್ಟು ಒತ್ತುವವರ ನಾಡನ್ನು ಹೆಬ್ಬೆಟ್ಟು ಎತ್ತುವವರ ನಾಡನ್ನಾಗಿ ಮಾಡಿದ ಮಹಾನುಭಾವ’ ಎಂದು ಬಿರುದು ಕೊಟ್ಟು ಹೋದರು. ಉಳಿದಿದ್ದ ಔಷಧಾಲಯಗಳೂ ದೊಡ್ಡಾಸ್ಪತ್ರೆಯೂ ಮೇಲ್ದರ್ಜೆಗೇರಿ ಬಾಗಿಲು ಹಾಕಿಕೊಂಡವು. ಅನುಮತಿಯಿಲ್ಲದೆ ಬೆರಳು ತೊಳೆದ ತಪ್ಪಿಗೆ ಪುಟ್ಟರಂಗಯ್ಯನ ಬಿಲ್ಲೆ ಕಿತ್ತುಕೊಂಡರು. ಅವನು ಕೇತಮ್ಮನ ಜಗುಲಿಯ ಮೇಲೆ ಕೂತು ಬುಟ್ಟಿ ಹೆಣೆಯುವುದನ್ನು ಕಲಿಯತೊಡಗಿದ. ಅವನ ಮೊದಲ ಬುಟ್ಟಿಯಲ್ಲಿ ಏನಿಟ್ಟರೂ ಕೆಳಕ್ಕೆ ಬೀಳುತ್ತಿತ್ತು.

ಆಗ ಆಸ್ಥಾನದಲ್ಲಿ ಒಂದು ತೊಡಕು ಕಾಣಿಸಿತು. ಆ್ಯಪಿನಿಂದ ಇದುವರೆಗೆ ಗುಣವಾಗಿದ್ದ ಕಾಯಿಲೆ ಒಂದೇ, ಸಿಬಿರು. ಜ್ವರ, ಭೇದಿ, ಕೆಮ್ಮು, ಹೆರಿಗೆ ಇವನ್ನೆಲ್ಲ ಪಟ್ಟಿಯಲ್ಲಿಟ್ಟರೆ ನೂರಕ್ಕೆ ನೂರು ಎಂಬುದು ಕೆಡುತ್ತದೆ. ಸುವಾಕ್ಯಸೇನನು ಮೂರು ದಿನ ಯೋಚಿಸಿ ಹೊಸ ಆಜ್ಞೆ ಬರೆದನು: ಯಾವುದೇ ಕಾಯಿಲೆ ಬಂದವರು ಮೊದಲು ಬಲಗೈ ಹೆಬ್ಬೆರಳಿಗೆ ಒಂದು ಸಿಬಿರು ಚುಚ್ಚಿಸಿಕೊಂಡು, ಅನಂತರ ಸಿಬಿರಿನ ರೋಗಿಯಾಗಿ ನೋಂದಾಯಿಸಿಕೊಳ್ಳತಕ್ಕದ್ದು.

ಡಂಗುರ ಸಾರಿದ ಮರುದಿನ ಬೆಳಿಗ್ಗೆ ಕೇತಮ್ಮ ಬಾಗಿಲು ತೆರೆದರೆ ಮನೆಯ ಮುಂದೆ ಸಾಲು. ರಾಜ್ಯದಲ್ಲಿ ಒಳ್ಳೆಯ ಬಿದಿರು ಇದ್ದದ್ದು ಆ ಕೇರಿಯಲ್ಲೇ ತಾನೆ. ಎಲ್ಲರಿಗಿಂತ ಮುಂದೆ ಎಂಟು ಮೈಲಿ ನಡೆದುಬಂದ ಕುರುಬರ ಮುದುಕನೊಬ್ಬ ಕಂಬಳಿ ಹೊದ್ದು ನಡುಗುತ್ತಿದ್ದ.

“ಏನಾಗೈತಜ್ಜ?”

“ಜರ ಕಣವ್ವ. ನಾಕು ದಿನ ಆತು. ಸಿಬಿರು ಇಲ್ದೆ ಬರಬ್ಯಾಡ ಅಂದ್ರು.”

ಕೇತಮ್ಮ ಅವನ ಹಣೆ ಮುಟ್ಟಿದಳು. ಕಾದ ಹೆಂಚಿನಂತಿತ್ತು. ಪುಟ್ಟರಂಗಯ್ಯನ ಮುಖ ನೋಡಿದಳು; ಅವನು ತನ್ನ ಖಾಲಿ ಕೈ ನೋಡಿಕೊಂಡ. ಕೊನೆಗೆ ಅವಳು ಅಜ್ಜನನ್ನು ನೆರಳಿಗೆ ಕೂರಿಸಿ, ಕುಡಿಯಲು ಗಂಜಿ ಕೊಟ್ಟು, ಬಿದಿರಿನ ಕಂತೆ ಬಿಚ್ಚಿದಳು.

ಅಜ್ಜ ಬಲಗೈ ಚಾಚಿ ಹೆಬ್ಬೆಟ್ಟು ಎತ್ತಿ ಹಿಡಿದ. ಬೀದಿಯ ಆ ಕಡೆ ನಿಂತಿದ್ದ ಅರಮನೆಯ ಛಾಯಾಗ್ರಾಹಕ ಓಡಿಬಂದು ಅದನ್ನು ಸೆರೆಹಿಡಿದುಕೊಂಡ.

“ತೆಳ್ಳಗಿರೋದು ನೋಡಿ ಕೊಡವ್ವ,” ಎಂದು ಅಜ್ಜ ಕಣ್ಣು ಮುಚ್ಚಿಕೊಂಡ, “ಈ ಕೈಯಾಗೇ ನಾನು ಉಣ್ಬೇಕು.”