ಇನ್ನೂ ಬಾರದ ಕ್ಯಾಮೆರಾದ ಸಡಗರ

ಒಂದು ವಸ್ತು ಬರುವ ಮೊದಲೇ ಎಷ್ಟು ಗಲಾಟೆ ಮಾಡಬಲ್ಲದು ಎಂದು ತಿಳಿಯಬೇಕಾದರೆ ತುಮಕೂರಿನ ಶೆಟ್ಟಿಹಳ್ಳಿಯಲ್ಲಿ, ಫೋಟೋ ಸ್ಟುಡಿಯೋ ಪಕ್ಕದ ಮನೆಯಲ್ಲಿ ವಾಸಿಸಬೇಕು. ನಾನು ವಾಸಿಸುತ್ತಿದ್ದೇನೆ. ಸ್ಟುಡಿಯೋ ಮಾಲೀಕರು ಮದುವೆ ವಿಡಿಯೋದಲ್ಲಿ ಎತ್ತಿದ ಕೈ. ವಿದೇಶದ ಕಂಪನಿಯೊಂದು ಹೊಸ ಡಿಜಿಟಲ್ ಸಿನಿಮಾ ಕ್ಯಾಮೆರಾ ತರುತ್ತದಂತೆ ಎಂದು ಕೇಳಿದ ದಿನದಿಂದ ಅವರ ಬಾಯಲ್ಲಿ ಬೇರೆ ಮಾತಿಲ್ಲ. ರಜೆಯಲ್ಲಿ ಅವರ ಜೊತೆ ಹೋಗಿ ಲೈಟು ಹಿಡಿಯುವುದು ನನ್ನ ಹವ್ಯಾಸ. ಮದುವೆಯೂಟ ಅದರ ಫಲ. ಹಾಗಾಗಿ ಇಂಥ ಪ್ರಸಂಗಗಳು ನನ್ನನ್ನು ತಪ್ಪಿಸಿಕೊಂಡು ಹೋಗುವುದಿಲ್ಲ.

ಮೊದಲ ದರ್ಶನ

ಕಂಪನಿಯಿಂದ ಹೇಗೋ ಸೋರಿದ ಕ್ಯಾಮೆರಾದ ಚಿತ್ರವೊಂದು ಮಾಲೀಕರ ಮೊಬೈಲಿಗೆ ಬಂತು. ಮಂಜಿನಲ್ಲಿಟ್ಟ ಟ್ರಂಕಿನಂತಿತ್ತು. ಪಾಸ್‌ಪೋರ್ಟ್ ಫೋಟೋಗೆ ಬಂದವರಿಗೆಲ್ಲ ಮೊದಲು ಅದರ ದರ್ಶನ. ಹೆಬ್ಬೂರಿನಿಂದ ಬಂದಿದ್ದ ರೈತರೊಬ್ಬರು ಮೊಬೈಲನ್ನು ದೂರ ಹಿಡಿದರು, ಹತ್ತಿರ ಹಿಡಿದರು, ಕನ್ನಡಕ ಒರೆಸಿಕೊಂಡು ನೋಡಿದರು.

"ಏನ್ ಸ್ವಾಮಿ ಇದು?"

"ಇನ್ನೇನು ಬರೋದ್ರಲ್ಲಿದೆಯಲ್ಲ, ಆ ಕ್ಯಾಮೆರಾ. ಇದರಷ್ಟು ಸ್ಪಷ್ಟವಾಗಿ ತೆಗೆಯೋದು ಪ್ರಪಂಚದಲ್ಲೇ ಇನ್ನೊಂದಿಲ್ಲ."

"ಹಂಗಾದ್ರೆ ಬಂದ ತಕ್ಷಣ ಮೊದ್ಲು ಅದರದ್ದೇ ಒಂದು ಫೋಟೋ ತೆಗುಸ್ಬುಡಿ."

ಖಾಲಿ ಸ್ಟ್ಯಾಂಡು

ಕ್ಯಾಮೆರಾ ಬರಲಿಲ್ಲ, ಆಯುಧಪೂಜೆ ಬಂತು. ಅಷ್ಟರಲ್ಲಿ ಮಾಲೀಕರು ಹೊಸ ಕ್ಯಾಮೆರಾಕ್ಕೆಂದೇ ಗಟ್ಟಿಯಾದ ಸ್ಟ್ಯಾಂಡು ತಂದಿದ್ದರು. ಅದಕ್ಕೆ ಸೇವಂತಿಗೆ ಹಾರ ಹಾಕಿ, ಎರಡು ಕಡೆ ಬಾಳೆಕಂದು ಕಟ್ಟಿ, ಬೀದಿಯ ಗುಡಿಯ ಅರ್ಚಕರನ್ನು ಕರೆಸಿದರು. ಅರ್ಚಕರು ಕುಂಕುಮದ ಬಟ್ಟಲು ಹಿಡಿದು ಸ್ಟ್ಯಾಂಡಿನ ಮೇಲಿನ ಬಯಲನ್ನೇ ನೋಡುತ್ತ ನಿಂತರು.

"ಎಲ್ಲಿಡಲಿ?"

"ಅಲ್ಲೇ, ಮೇಲೆ. ಇನ್ನೂ ಬಂದಿಲ್ಲ ಸ್ವಾಮಿ," ಎಂದರು ಮಾಲೀಕರು, ಮೆಲ್ಲಗೆ.

ನನಗೆ ನಗು ಬಂತು. ಅರ್ಚಕರು ನನ್ನ ಕಡೆ ತಿರುಗಿದರು. "ನಗ್ಬೇಡಿ. ಕಣ್ಣಿಗೆ ಕಾಣೋದಕ್ಕೆ ಮಾತ್ರ ಪೂಜೆ ಅಂದ್ರೆ ನಾನು ಎಂದೋ ಗುಡಿ ಬಾಗಿಲು ಹಾಕ್ಬೇಕಿತ್ತು," ಎಂದು ಗಾಳಿಗೆ ಮಂಗಳಾರತಿ ಎತ್ತಿದರು.

ಗುಬ್ಬಿಯ ಸೀಮಂತ

ಗುಬ್ಬಿಯಲ್ಲಿ ಒಂದು ಸೀಮಂತ. ಬಸುರಿಯ ಅತ್ತೆ, ಚಿಕ್ಕಮ್ಮ, ದೊಡ್ಡಮ್ಮಂದಿರು ಕ್ಯಾಮೆರಾ ಮುಂದೆ ಬರಲು ಒಲ್ಲೆ ಎನ್ನುತ್ತಿದ್ದರು. ನೆರಿಗೆ ಸರಿಯಿಲ್ಲ, ಆಮೇಲೆ ನೋಡೋಣ, ಇತ್ಯಾದಿ. ಮಾಲೀಕರು ಸಮಾಧಾನ ಹೇಳಲು ಹೋದರು.

"ಈ ಸಲ ಹೋಗಲಿ ಬಿಡಿ. ತೊಟ್ಟಿಲು ಶಾಸ್ತ್ರಕ್ಕೆ ಹೊಸ ಸಿನಿಮಾ ಕ್ಯಾಮೆರಾ ತರ್ತೀನಿ. ಮುಖದ ಒಂದೊಂದು ಸುಕ್ಕೂ ಎಣಿಸ್ಬಹುದು, ಅಷ್ಟು ಚೆನ್ನಾಗಿ ಬರುತ್ತೆ!"

ದೊಡ್ಡಮ್ಮಂದಿರಲ್ಲೊಬ್ಬರು ಸೆರಗು ಸರಿಮಾಡಿಕೊಂಡು ಎದ್ದರು. "ಬನ್ರೇ ಎಲ್ರೂ. ಅದು ಬರೋಕ್ ಮುಂಚೆ ನಮ್ದೆಲ್ಲ ಇದ್ರಲ್ಲೇ ಮುಗಿಸ್ಬುಡಪ್ಪ."

ಹಳೇ ಕ್ಯಾಮೆರಾದ ಮುಂದೆ ಅಂಥ ಸಾಲು ನಾನೆಂದೂ ನೋಡಿರಲಿಲ್ಲ.

ಕುಣಿಗಲ್ಲಿನ ಗಟ್ಟಿಮೇಳ

ಕೊನೆಗೂ ಬಿಡುಗಡೆಯ ದಿನ ಗೊತ್ತಾಯಿತು. ಸಮಾರಂಭವನ್ನು ಮೊಬೈಲಿನಲ್ಲಿ ನೇರವಾಗಿ ನೋಡಬಹುದಿತ್ತು. ತೊಂದರೆ ಒಂದೇ. ಅದೇ ದಿನ, ಅದೇ ಹೊತ್ತಿಗೆ, ಕುಣಿಗಲ್ಲಿನ ಕಲ್ಯಾಣಮಂಟಪದಲ್ಲಿ ಅಮೃತೂರಿನ ಮೇಷ್ಟರೊಬ್ಬರ ಮಗಳ ಮುಹೂರ್ತ. ತಾಳಿ ಕಟ್ಟುವುದು ವಿಡಿಯೋದಲ್ಲಿ ತಪ್ಪಿದರೆ ಅದನ್ನು ಎರಡನೇ ಸಲ ಕಟ್ಟಿಸಲಾಗುವುದಿಲ್ಲ. ಹಾಗೆಂದು ಅಷ್ಟು ಕಾಲ ಕಾದ ಕ್ಯಾಮೆರಾದ ಮೇಲಿನ ಪರದೆ ಏಳುವುದನ್ನು ಬಿಡುವುದು ಹೇಗೆ? ಮಾಲೀಕರು ಬೆಳಗಿನ ತಿಂಡಿ ಮುಟ್ಟಲಿಲ್ಲ.

ಅವರ ಸಂಕಟ ನೋಡಿ ಹುಡುಗಿಯ ಸೋದರಮಾವ ಹತ್ತಿರ ಬಂದರು. "ಮೊಬೈಲ್ ಇಲ್ಲಿ ಕೊಡಿ. ನೀವು ತಾಳಿ ನೋಡ್ಕಳಿ, ನಾನು ಕ್ಯಾಮೆರಾ ನೋಡ್ಕತೀನಿ. ಪರದೆ ಎದ್ದ ತಕ್ಷಣ ಕೈ ಎತ್ತುತೀನಿ."

ಮಾಲೀಕರು ಹಳೇ ಕ್ಯಾಮೆರಾಕ್ಕೆ ಕಣ್ಣಿಟ್ಟರು. ಸೋದರಮಾವ ಮುಂದಿನ ಸಾಲಿನಲ್ಲಿ ಮೊಬೈಲಿಗೆ ಕಣ್ಣಿಟ್ಟರು. ತಾಳಿ ಇನ್ನೂ ತೆಂಗಿನಕಾಯಿಯ ಮೇಲೆ ಕೂತು ಹಿಂದಿನ ಸಾಲುಗಳಲ್ಲಿ ಹಿರಿಯರಿಂದ ಮುಟ್ಟಿಸಿಕೊಳ್ಳುತ್ತಿತ್ತು. ಅಷ್ಟರಲ್ಲಿ ದೂರದ ದೇಶದಲ್ಲಿ ಪರದೆ ಎದ್ದಿತು. ಸೋದರಮಾವ ಎದ್ದು ನಿಂತು ಕೈ ಎತ್ತಿದರು.

ಮದುವೆ ಮನೆಯಲ್ಲಿ ಕೈ ಎತ್ತಿದರೆ ವಾದ್ಯದವರಿಗೆ ಒಂದೇ ಅರ್ಥ. ಗಟ್ಟಿಮೇಳ ಮೊಳಗಿತು. ಗಟ್ಟಿಮೇಳ ಕೇಳಿದರೆ ಜನಕ್ಕೂ ಒಂದೇ ಅರ್ಥ. ನಾಲ್ಕೂ ಕಡೆಯಿಂದ ಅಕ್ಷತೆ ಸುರಿಯಿತು.

"ನಿಲ್ಸ್ರಯ್ಯಾ! ತಾಳಿನೇ ಬಂದಿಲ್ಲ!" ಎಂದು ಪುರೋಹಿತರು ಕೂಗಿದರು. ಗಂಡು ಖಾಲಿ ಕೈ ನೋಡಿಕೊಂಡ. ಹೆಣ್ಣು, ತಲೆತುಂಬ ಅಕ್ಷತೆ ಹೊತ್ತು, ತಡೆಯಲಾರದೆ ಜೋರಾಗಿ ನಕ್ಕಳು.

ಇಡೀ ಛತ್ರ ಅತ್ತಿತ್ತ ತಿರುಗುತ್ತಿದ್ದಾಗ ತಿರುಗದೆ ನಿಂತವರು ಒಬ್ಬರೇ. ಮಾಲೀಕರಿಗೆ ಎತ್ತಿದ ಕೈ ಕಂಡೇ ಇರಲಿಲ್ಲ. ಅವರ ಕಣ್ಣು ಹೆಣ್ಣಿನ ಮುಖದ ಮೇಲಿತ್ತು. ಆ ನಗು ಮೊದಲಿನಿಂದ ಕೊನೆಯವರೆಗೆ ದಾಖಲಾಯಿತು, ಆಮೇಲೆ ಸರಿಯಾದ ಗಟ್ಟಿಮೇಳದಲ್ಲಿ ತಾಳಿಯೂ. ಊಟದ ಹೊತ್ತಿಗೆ ಮೇಷ್ಟರು ಅದನ್ನು ಹಳೇ ಕ್ಯಾಮೆರಾದ ಪುಟ್ಟ ಪರದೆಯಲ್ಲಿ ನೋಡಿ ಶಲ್ಯದಿಂದ ಕಣ್ಣೊರೆಸಿಕೊಂಡರು. "ಇದಕ್ಕಿಂತ ಒಳ್ಳೇ ಕ್ಯಾಮೆರಾ ಇದೆಯಾ?" ಎಂದರು.

ಆಗ ಮಾಲೀಕರಿಗೆ ನೆನಪಾಯಿತು. ಸೋದರಮಾವನ ಕಡೆ ತಿರುಗಿ, "ನಮ್ಮದು ಏನಾಯ್ತು? ಪರದೆ ಎದ್ದಿತಾ?" ಎಂದರು.

"ಎದ್ದಾಯ್ತು, ಮೊದಲ್ನೇ ಗಟ್ಟಿಮೇಳಾನೂ ಅಕ್ಷತೇನೂ ಅದಕ್ಕೇ ಬಿದ್ದಾಯ್ತು," ಎಂದರು ಅವರು ಹೋಳಿಗೆ ಮುರಿಯುತ್ತ. "ಇನ್ನೇನ್ ಯೋಚ್ನೆ ಮಾಡ್ತೀರಿ? ಮನೆ ತುಂಬಿಸ್ಕಳಿ."